ಕಂಪ್ಲಿ ಗದ್ದೆಯಲ್ಲಿ ರಾಡಾರ್ ಏನನ್ನು ಓದೀತು?

ಮಣ್ಣಲ್ಲಿ ಹೂತ ಶಾಸನಗಳನ್ನು ಜಿಪಿಆರ್‌ನಿಂದ, ಅಂದರೆ ನೆಲದೊಳಕ್ಕೆ ರೇಡಿಯೊ ಅಲೆ ಬಿಟ್ಟು ಅದರ ಪ್ರತಿಧ್ವನಿ ಹಿಡಿಯುವ ರಾಡಾರ್‌ನಿಂದ, ಹುಡುಕುವ ಪ್ರಸ್ತಾವವೊಂದನ್ನು ಈಚೆಗೆ ಓದಿದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ನಾಲ್ಕೂ ಕಡೆ ಒಂದೇ 400 ಮೆಗಾಹರ್ಟ್ಸ್ ಆಂಟೆನಾ. ಅದರ ದಕ್ಷತೆ ಹೆಚ್ಚಿಸಿದರೆ ಶಾಸನವನ್ನು ನೆಲದೊಳಗೇ 'ಓದಬಹುದು' ಅಂತ ಬರೆದಿದ್ದಾರೆ. ಹುಡುಕಲಿ, ಬೇಡ ಅನ್ನೋಲ್ಲ. ನನ್ನ ತಕರಾರು ಆ 'ಓದಬಹುದು' ಮೇಲೆ.

ಅಲೆಯ ವೇಗ ಮಣ್ಣಿನಲ್ಲಿ ನ್ಯಾನೊಸೆಕೆಂಡಿಗೆ 10 ಸೆಂ.ಮೀ. ಎಂದಿಟ್ಟುಕೊಂಡರೆ ಈ ಆಂಟೆನಾದ ಅಲೆಯುದ್ದ 25 ಸೆಂ.ಮೀ. ಅದರ ಕಾಲುಭಾಗ, ಸುಮಾರು ಆರು ಸೆಂ.ಮೀ., ಬಿಡಿಸಿ ಕಂಡರೆ ಅದೇ ಹೆಚ್ಚು. ಅಕ್ಷರದ ಕೊರೆತವೋ ಕೆಲವೇ ಮಿಲಿಮೀಟರ್. ಚಪ್ಪಡಿ ಕಂಡೀತು, ಬರಹ ಕಾಣದು. ಹಂಪಿ ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿ ನೆನಪಿಸಿಕೊಳ್ಳಿ. 1980ರ ದಶಕದಲ್ಲಿ ಅಗೆದಾಗ ಸಿಕ್ಕ ಅದರ ಕರಿಗಲ್ಲುಗಳ ಮೇಲೆ ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂಬ ಗುರುತುಗಳಿವೆ. ರಾಡಾರ್ ಆ ಪುಷ್ಕರಣಿಯ ಅಂಚು ತೋರಿಸೀತು, ಗುರುತುಗಳನ್ನಲ್ಲ.

ಇನ್ನು ದಕ್ಷತೆ. ಬೋ-ಟೈ ಆಂಟೆನಾಗೆ ರೆಸಿಸ್ಟರ್ ಕೂರಿಸಿ ಒಂದಿಷ್ಟು ಶಕ್ತಿಯನ್ನು ಬೇಕೆಂತಲೇ ಸುಡುತ್ತಾರೆ. ಇಲ್ಲದಿದ್ದರೆ ಹೊಡೆದ ಗಂಟೆಯ ಹಾಗೆ ಅದು ತನ್ನಷ್ಟಕ್ಕೇ ಮೊರೆಯುತ್ತಾ ಮೇಲ್ಪದರದ ಪ್ರತಿಧ್ವನಿಯನ್ನೆಲ್ಲ ಮುಚ್ಚಿಬಿಡುತ್ತೆ. ಅರೆಹೂತ ವೀರಗಲ್ಲು ಇರುವುದು ಅಲ್ಲೇ ತಾನೆ! ಬರೀ ದಕ್ಷತೆಯ ಅಂಕಿ ಏರಿಸುವುದು ನಮಗೇ ನಷ್ಟ. ಅದಕ್ಕಿಂತ ಆಂಟೆನಾ ನೆಲಕ್ಕೆ ಅಂಟಿಕೊಂಡಿರುವಂತೆ ಎಳೆಯುವುದು ಮುಖ್ಯ. ಕೂಳೆ, ಬದುಗಳ ಮೇಲೆ ಅದು ಎದ್ದಾಗಲೆಲ್ಲ ಶಕ್ತಿಯ ಒಂದು ಪಾಲು ಮೇಲ್ಮೈಯಿಂದಲೇ ವಾಪಸ್.

ಕಂಪ್ಲಿಯಲ್ಲಿ ತುಂಗಭದ್ರಾ ಕಾಲುವೆ ನೀರು ಕುಡಿದ ಭತ್ತದ ಗದ್ದೆಗಳಿವೆ. ಕಳಿಸುವ ಆಂಟೆನಾದ ದಕ್ಷತೆ ಇಮ್ಮಡಿಯಾದರೆ ಸಿಗುವುದು 3 ಡೆಸಿಬೆಲ್. ಹಸಿ ಜೇಡಿಮಣ್ಣು ಒಂದೇ ಮೀಟರಿನಲ್ಲಿ ಹತ್ತಾರು ಡೆಸಿಬೆಲ್ ನುಂಗಬಲ್ಲದು. ಹಂಪಿಯ ಒಣ ಗ್ರಾನೈಟ್ ಮರಳಿನಲ್ಲಿ ಚೆನ್ನಾಗಿ ಕಂಡಿದ್ದು ಇಲ್ಲಿ ಕಾಣೋಲ್ಲ. ಸಂಡೂರಿನ ಅದಿರಿನ ನೆಲಕ್ಕಂತೂ ಲೆಕ್ಕವನ್ನೇ ಬೇರೆ ಹಾಕಬೇಕು.

ನನಗೆ ಭಯ ಇರೋದು ಇಲ್ಲೇ. ವರದಿಯಲ್ಲಿ 'ಏನೂ ಕಾಣಲಿಲ್ಲ' ಅಂತಿದ್ದರೆ ಓದಿದವರು 'ಏನೂ ಇಲ್ಲ' ಅಂತ ತಿಳೀತಾರೆ, ಹಿಂದೆಯೇ ಗದ್ದೆ ಸಮಮಾಡಲು ಜೆಸಿಬಿ ಬರುತ್ತೆ. ಹಾಗಾಗಿ ಕಾಲುವೆ ಬಂದ್ ಆಗಿ ನೆಲ ಒಣಗಿದ ಬೇಸಿಗೆಯಲ್ಲಿ ಅಳೆಯಿರಿ. ಬರಹವಿಲ್ಲದ ಚಪ್ಪಡಿಯೊಂದನ್ನು ಅದೇ ಗದ್ದೆಯಲ್ಲಿ ಒಂದು ಮೀಟರ್ ಆಳಕ್ಕೆ ಹೂತು, ಅದು ಕಂಡಿತೋ ಇಲ್ಲವೋ ಎಂಬುದನ್ನು ವರದಿಯ ಮೊದಲ ಪುಟದಲ್ಲೇ ಬರೆಯಿರಿ.