ಕಸೂತಿಯ ಕಥನಕ್ರಮ
ಶ್ರೀಕಾಳಹಸ್ತಿಯ ಕಲಂಕಾರಿ ರಾಮಾಯಣವನ್ನು ಚಿತ್ರದಲ್ಲಿ ಹೇಳಿ, ತೆಲುಗು ಬರಹದಿಂದ ಅದನ್ನು ವಿವರಿಸುತ್ತದೆ. ಅದರ ಕಲಾವಿದರಾದ ಜೊನ್ನಲಗಡ್ಡ ಗುರಪ್ಪ ಚೆಟ್ಟಿಯವರಿಗೆ 2008ರಲ್ಲಿ ಪದ್ಮಶ್ರೀ ಸಂದಿತು. ಅನಕಾಪಲ್ಲಿಯಂತಹ ಆಂಧ್ರದ ಊರುಗಳಲ್ಲಿ ನೆಲಸಿದ ಕನ್ನಡಿಗರು ಇದೇ ಅಳತೆಗೋಲನ್ನು ಹಿಡಿದು, ಧಾರವಾಡದ ಕಸೂತಿಯನ್ನು ಬರಿಯ ಅಲಂಕಾರವೆಂದು ಬಗೆಯುವುದು ಯುಕ್ತವಲ್ಲ. ಇಳಕಲ್ ಸೀರೆಯ ಸೆರಗಿನಲ್ಲಿ ಗೋಪುರ, ತೇರು, ಆನೆಗಳುಂಟು, ಬರಹವಿಲ್ಲ. ಅಲ್ಲಿ ಕಥೆಯಿರುವುದು ಎಣಿಕೆಯಲ್ಲಿ. ಎಳೆಗಳನ್ನೆಣಿಸಿ, ಗಂಟಿಲ್ಲದೆ ಹಾಕುವ ಗಾವಂತಿ ಹೊಲಿಗೆಯಲ್ಲಿ ಸೂಜಿಯು ಹೋದ ದಾರಿಯಲ್ಲೇ ಮರಳಿ, ಬಿಟ್ಟ ತೆರಪನ್ನು ತುಂಬುತ್ತದೆ. ಎರಡು ಮಗ್ಗುಲೂ ಒಂದೇ ರೂಪ ತಾಳುತ್ತವೆ. ಕಲಂಕಾರಿ ಪುರಾಣವನ್ನು ನಿರೂಪಿಸಿದರೆ, ಕಸೂತಿ ಹೆಣ್ಣಿನ ಕೈ ನಡೆದ ಹಾದಿಯನ್ನೇ ನಿರೂಪಿಸುತ್ತದೆ. ಯಂತ್ರದ ಕಸೂತಿ ಇಂದು ಮುಂಬದಿಯನ್ನು ಅನುಕರಿಸುತ್ತಿದೆ; ಹಿಂಬದಿಯಲ್ಲಿ ಅದರ ಗುಟ್ಟು ಬಯಲಾಗುತ್ತದೆ. ಆದುದರಿಂದ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಅಜ್ಜಿಯ ಸೀರೆಯನ್ನು ಮಗುಚಿ ನೋಡುವುದೇ ವಿಮರ್ಶೆಯ ಮೊದಲ ಹೆಜ್ಜೆ.