ಟ್ರಾಮು ಓಡಿಸಿದವರು, ಒಲೆ ಊದಿದವರು

ನಮ್ಮ ಪತ್ರಿಕೆಗಳಿಗೆ 'ಅರಾಜಕತೆ' ಅನ್ನುವ ಮಾತು ಬಲು ಇಷ್ಟ. ಕೂಲಿಯವರು ರಸ್ತೆಗಿಳಿದರೆ ಅರಾಜಕತೆ. ವಿದ್ಯಾರ್ಥಿಗಳು ಧಿಕ್ಕಾರ ಕೂಗಿದರೆ ಅರಾಜಕತೆ. ಊರ ಕೆರೆಯ ನೀರು ಮುಟ್ಟಿದವರ ಮೇಲೆ ದೊಣ್ಣೆ ಬಿದ್ದರೆ ಮಾತ್ರ ಅದು 'ಅಹಿತಕರ ಘಟನೆ'. ಆಳುವವರಿಲ್ಲದಿದ್ದರೆ ಜನ ಕಚ್ಚಾಡಿ ಸಾಯ್ತಾರೆ ಅಂತ ನಮಗೆ ಪಾಠ ಹೇಳಿಕೊಟ್ಟವರು ಯಾರು? ಆಳುವವರೇ ಅಲ್ಲವೆ?

ಈ ಪಾಠ ಸುಳ್ಳು ಅಂತ ಮಾಡಿ ತೋರಿಸಿದ ಒಂದು ಊರಿತ್ತು. ಸ್ಪೇನ್ ದೇಶದ ಬಾರ್ಸಿಲೋನ. ಅಲ್ಲಿ 1910ರಲ್ಲಿ ಹುಟ್ಟಿದ ಸಿ.ಎನ್.ಟಿ. ಎಂಬ ಕಾರ್ಮಿಕ ಸಂಘಟನೆಯ ದಾರಿಗೆ ಅನಾರ್ಕೊ-ಸಿಂಡಿಕಲಿಸಂ ಅನ್ನುತ್ತಾರೆ. ಹೆಸರು ದೊಡ್ಡದು, ವಿಚಾರ ಸರಳ. ದುಡಿಯುವ ಜಾಗದಲ್ಲೇ ಸಂಘ ಕಟ್ಟು. ನಿನ್ನ ಪ್ರತಿನಿಧಿಯನ್ನು ನೀನೇ ಆರಿಸು, ಸರಿಬರದಿದ್ದರೆ ನೀನೇ ವಾಪಸು ಕರೆಸು. ಎಲೆಕ್ಷನ್ನು, ಮಂತ್ರಿ, ಪಕ್ಷ ಅಂತ ಕಾಯಬೇಡ. ಇವತ್ತು ಕೂಲಿಗಾಗಿ ಬಡಿದಾಡುವ ಸಂಘವೇ ನಾಳೆ ಮಾಲೀಕನಿಲ್ಲದ ಕಾರ್ಖಾನೆಯನ್ನು ನಡೆಸಬೇಕು.

ಇದು ಬರೀ ಕನಸಲ್ಲ. 1919ರಲ್ಲಿ ಬಾರ್ಸಿಲೋನದ ವಿದ್ಯುತ್ ಕಂಪನಿಯೊಂದು ಎಂಟು ಜನ ಗುಮಾಸ್ತರನ್ನು ಕೆಲಸದಿಂದ ಕಿತ್ತುಹಾಕಿತು. ಅವರ ಬೆನ್ನಿಗೆ ಉಳಿದವರು ನಿಂತರು. ಊರಿಗೆ ಊರೇ ಕತ್ತಲಾಯಿತು. ಮುಷ್ಕರಕ್ಕೆ ವಿರುದ್ಧವಾದ ಆಜ್ಞೆಗಳನ್ನು ಅಚ್ಚುಮೊಳೆ ಜೋಡಿಸುವವರು ಅಚ್ಚು ಹಾಕಲೊಲ್ಲೆವು ಅಂದರು. 44 ದಿನದ ಆ ಮುಷ್ಕರದ ಬೆನ್ನಲ್ಲೇ ದಿನಕ್ಕೆ ಎಂಟು ಗಂಟೆ ದುಡಿಮೆಯ ಕಾನೂನು ಸ್ಪೇನಿಗೆ ಬಂತು. ಎಂಟು ಜನರ ಅನ್ನದ ಪ್ರಶ್ನೆ ಒಂದು ದೇಶದ ಹೊತ್ತಿನ ಲೆಕ್ಕವನ್ನೇ ಬದಲಿಸಿತು.

1936ರ ಜುಲೈನಲ್ಲಿ ಸೇನಾಧಿಕಾರಿಗಳು ದಂಗೆ ಎದ್ದಾಗ ಬಾರ್ಸಿಲೋನದ ಬೀದಿಗಳಲ್ಲಿ ಅವರನ್ನು ಸೋಲಿಸುವುದಕ್ಕೆ ಮುಂದೆ ನಿಂತವರು ಈ ಸಂಘಟಿತ ಕಾರ್ಮಿಕರು. ಟ್ರಾಮ್ ಕಂಪನಿಯ ದೊಡ್ಡವರು ಓಡಿಹೋದರು. ಕಾದಾಟ ನಿಂತು ಐದು ದಿನದಲ್ಲಿ ಟ್ರಾಮುಗಳು ಕೆಂಪು-ಕಪ್ಪು ಬಣ್ಣ ಬಳಿದುಕೊಂಡು ಹೊರಟವು. ಮೊದಲು ಓಡುತ್ತಿದ್ದದ್ದು 600, ಈಗ 700. ಮಾಲೀಕ ಇಲ್ಲದೆ ಚಕ್ರ ತಿರುಗಿತು.

ಈ ಊರನ್ನು ಕಣ್ಣಾರೆ ಕಂಡು ಬರೆದವರಲ್ಲಿ ಜಾರ್ಜ್ ಆರ್ವೆಲ್ ಒಬ್ಬ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿ, ಬರ್ಮಾದಲ್ಲಿ ಬ್ರಿಟಿಷರ ಪೊಲೀಸ್ ಅಧಿಕಾರಿಯಾಗಿದ್ದು, ಆ ಕೆಲಸ ಒದ್ದು ಬಂದವನು. 1936ರ ಡಿಸೆಂಬರಿನಲ್ಲಿ ಬಾರ್ಸಿಲೋನಕ್ಕೆ ಹೋಗಿ ಬಂದೂಕು ಹಿಡಿದ. 1938ರಲ್ಲಿ ಬಂದ ಆತನ 'ಹೋಮೇಜ್ ಟು ಕೆಟಲೋನಿಯ' ಪುಸ್ತಕವನ್ನು ಗೆಳೆಯರು ಓದಬೇಕು. ಅಚ್ಚಾದದ್ದು 1500 ಪ್ರತಿ. 1950ರಲ್ಲಿ ಆತ ಸಾಯುವ ಹೊತ್ತಿಗೂ ಅವು ಪೂರ್ತಿ ಖರ್ಚಾಗಿರಲಿಲ್ಲ. ಆಮೇಲೆ ಶೀತಲ ಸಮರದ ಕಾಲದಲ್ಲಿ ಕಮ್ಯುನಿಸ್ಟರನ್ನು ಬೈಯುವವರು ಈ ಪುಸ್ತಕವನ್ನು ದೊಣ್ಣೆಯಂತೆ ಎತ್ತಿಕೊಂಡರು. ನಾವು ಅವರ ಜೊತೆ ಓದಬೇಕಾಗಿಲ್ಲ. ನಮ್ಮ ಕಣ್ಣಲ್ಲಿ ಓದೋಣ.

ನಮ್ಮ ಕಣ್ಣಿಗೆ ಮೊದಲು ಬೀಳುವುದು ಮಾತು. ಹೋಟೆಲಿನ ಮಾಣಿ ಗಿರಾಕಿಯ ಮುಖಕ್ಕೆ ಮುಖ ಕೊಟ್ಟು ನೋಡುತ್ತಿದ್ದ, ಭಕ್ಷೀಸು ಕೊಡುವಂತಿರಲಿಲ್ಲ ಅಂತ ಆರ್ವೆಲ್ ಬರೆಯುತ್ತಾನೆ. 'ದಣಿ', 'ತಾವು' ಅನ್ನುವಂಥ ಮಾತುಗಳು ಬಿದ್ದುಹೋಗಿ ಎಲ್ಲರೂ ಎಲ್ಲರಿಗೂ 'ನೀನು', 'ಸಂಗಾತಿ'. ಇದು ಬಿಳಿಯ ಓದುಗನಿಗೆ ಒಂದು ಸೊಗಸಾದ ವಿವರ ಇರಬಹುದು. ಎಪ್ಪತ್ತು ವರ್ಷದ ಅಪ್ಪನಿಗೆ ಗೌಡರ ಮನೆಯ ಹತ್ತು ವರ್ಷದ ಹುಡುಗ 'ಏ, ಬಾರೋ' ಅನ್ನುವುದನ್ನು ಕೇಳಿ ಬೆಳೆದ ನಮಗೆ ಅದು ವಿವರವಲ್ಲ. ಅಲ್ಲಿ ದಣಿಯೂ ಏಕವಚನಕ್ಕೆ ಇಳಿದ. ನಮ್ಮಲ್ಲಿ ಏಕವಚನ ನಮ್ಮ ಕೇರಿಗೆ ಮಾತ್ರ ಮೀಸಲು. ಎಲ್ಲರಿಗೂ ನೀನೋ, ಎಲ್ಲರಿಗೂ ನೀವೋ, ಅದು ಆಮೇಲಿನ ಮಾತು. ಎರಡು ಬೇರೆ ಬೇರೆ ಇರಕೂಡದು.

1937ರ ಏಪ್ರಿಲ್ ಕೊನೆಯಲ್ಲಿ ಆರ್ವೆಲ್ ರಣರಂಗದಿಂದ ವಾಪಸು ಬರುವಷ್ಟರಲ್ಲಿ ಆ ಬಹುವಚನ, ಆ ಭಕ್ಷೀಸು, ಆ ಬಾಗಿದ ಬೆನ್ನು ಎಲ್ಲವೂ ಮರಳಿ ಬಂದಿದ್ದವು. ಯಾಕೆ?

ಒಂದು ಕಾರಣ ಪ್ರಭುತ್ವ. ಜುಲೈನಲ್ಲಿ ಗೆದ್ದ ಕಾರ್ಮಿಕರು ಕೆಟಲೋನಿಯದ ಸರ್ಕಾರವನ್ನು ಕುರ್ಚಿಯಲ್ಲೇ ಬಿಟ್ಟರು. ಅಕ್ಟೋಬರಿನಲ್ಲಿ ಅದೇ ಸರ್ಕಾರ ಕಾರ್ಖಾನೆಗಳ ಸಾಮೂಹೀಕರಣಕ್ಕೆ ಕಾನೂನಿನ ಮುದ್ರೆ ಒತ್ತಿತು. ಮುದ್ರೆಯ ಜೊತೆ ಸರ್ಕಾರದ ಪ್ರತಿನಿಧಿಯೂ ಒಳಗೆ ಬಂದು ಕೂತ. ನವೆಂಬರಿನಲ್ಲಿ, ಮಂತ್ರಿಗಿರಿಯೇ ಬೇಡ ಅಂದಿದ್ದ ಸಿ.ಎನ್.ಟಿ.ಯ ನಾಲ್ವರು ಕೇಂದ್ರದಲ್ಲಿ ಮಂತ್ರಿಗಳಾದರು. 1937ರ ಮೇ 3ರಂದು, ಕಾರ್ಮಿಕರೇ ನಡೆಸುತ್ತಿದ್ದ ಟೆಲಿಫೋನ್ ಎಕ್ಸ್‌ಚೇಂಜಿಗೆ ಸರ್ಕಾರದ ಪೊಲೀಸರು ನುಗ್ಗಿದರು. ಬೀದಿಗಳಲ್ಲಿ ಮತ್ತೆ ಅಡ್ಡಗಟ್ಟೆ ಎದ್ದವು. ಆಗ ರೇಡಿಯೋದಲ್ಲಿ 'ಬಂದೂಕು ಕೆಳಗಿಡಿ' ಅಂತ ಕೇಳಿಕೊಂಡವರು ಅದೇ ಸಂಘದ ಮಂತ್ರಿಗಳು! ಆರ್ವೆಲ್ ಸಿನಿಮಾ ಮಂದಿರದ ತಾರಸಿಯ ಮೇಲೆ ಕಾವಲು ಕೂತು ಇದನ್ನೆಲ್ಲ ನೋಡಿದ. 1939ರ ಜನವರಿಯಲ್ಲಿ ಫ್ರಾಂಕೋನ ಸೇನೆ ಊರೊಳಗೆ ಬಂತು. 1975ರಲ್ಲಿ ಆತ ಸಾಯುವ ತನಕ ಆ ಕತ್ತಲು ಇಳಿಯಲಿಲ್ಲ.

ಇದರಲ್ಲಿ ತಾನು ಕಂಡದ್ದನ್ನು ಆರ್ವೆಲ್ ಹೇಳುತ್ತಾನೆ. ಆತ ಹೇಳಿಯೂ ತಡೆದು ನೋಡದ ಇನ್ನೊಂದಿದೆ. ತಾನಿದ್ದ ಪಾಳೆಯದಲ್ಲಿ ಸಾವಿರದಷ್ಟು ಗಂಡಸರು, ಇಪ್ಪತ್ತರಷ್ಟು ಹೆಂಗಸರು, ಅದಲ್ಲದೆ ಅಡುಗೆ ಮಾಡುವ ಹೆಂಡಂದಿರು ಇದ್ದರು ಅನ್ನುತ್ತಾನೆ. ಹೆಂಗಸರು ಕವಾಯತು ಮಾಡುವಾಗ ಗಂಡಸರು ನಗುತ್ತಾರೆ ಅಂತ ಅವರನ್ನು ದೂರ ಇಡಬೇಕಾಯಿತಂತೆ. ಒಂದು ಸಾಲು ಬರೆದು ಮುಂದೆ ಹೋಗುತ್ತಾನೆ. ನಾವು ಹೋಗಲಾರೆವು. ಕ್ರಾಂತಿಯ ಪಾಳೆಯದಲ್ಲಿ ಒಲೆ ಊದಿದವರು ಯಾರು?

ಈ ಪ್ರಶ್ನೆ ಕೇಳಿದವರು ಆ ಚಳುವಳಿಯ ಒಳಗೇ ಇದ್ದರು. ಟೆಲಿಫೋನ್ ಕಂಪನಿಯಲ್ಲಿ ದುಡಿದಿದ್ದ ಕವಿ ಲೂಸಿಯಾ ಸಾಂಚೆಸ್ ಸಾರ್ನಿಲ್ ಇಬ್ಬರು ಗೆಳತಿಯರೊಡನೆ 1936ರಲ್ಲಿ 'ಮುಹೇರೆಸ್ ಲಿಬ್ರೆಸ್', ಅಂದರೆ 'ಸ್ವತಂತ್ರ ಮಹಿಳೆಯರು', ಎಂಬ ಪತ್ರಿಕೆ ಶುರು ಮಾಡಿದರು. ಪತ್ರಿಕೆ ಸಂಘಟನೆಯಾಯಿತು. ಅಕ್ಷರ ಕಲಿಸಿತು, ಕೈಕೆಲಸ ಕಲಿಸಿತು. ಎಷ್ಟೋ ಸಾಮೂಹಿಕ ಹೊಲಗಳಲ್ಲಿ ಹೆಣ್ಣಾಳಿಗೆ ಗಂಡಾಳಿಗಿಂತ ಕಮ್ಮಿ ಕೂಲಿ ಇದ್ದ ಕಾಲ ಅದು. ನಮ್ಮನ್ನೂ ಚಳುವಳಿಯ ಸಮಾನ ಅಂಗವಾಗಿ ಒಪ್ಪಿಕೊಳ್ಳಿ ಅಂತ 1938ರಲ್ಲಿ ಕೇಳಿದರೆ, ಒಗ್ಗಟ್ಟು ಒಡೆಯುತ್ತದೆ ಅಂತ ಸಂಗಾತಿಗಳು ಬಾಗಿಲು ಹಾಕಿದರು.

ಈ 'ಒಗ್ಗಟ್ಟು ಒಡೆಯುತ್ತದೆ' ಅನ್ನುವ ಮಾತು ನಮಗೆ ಹೊಸದೇನ್ರಿ? ಬಾರ್ಸಿಲೋನ ಎದ್ದು ನಿಲ್ಲುವ ಎರಡು ತಿಂಗಳ ಮೊದಲು, 1936ರ ಮೇನಲ್ಲಿ, ಬಾಬಾಸಾಹೇಬರು ಲಾಹೋರಿನವರು ಬೇಡವೆಂದ ಭಾಷಣವನ್ನು ತಾವೇ ಅಚ್ಚು ಹಾಕಿಸಿದರು. ಜಾತಿ ವಿಂಗಡಿಸುವುದು ಕೆಲಸವನ್ನು ಮಾತ್ರ ಅಲ್ಲ, ಕೆಲಸಗಾರರನ್ನೇ ಅಂತ ಅಲ್ಲಿ ತೋರಿಸಿದರು. ಅದು ಅವರು ಗಿರಣಿಯಲ್ಲಿ ಕಂಡ ಸತ್ಯ. ಬೊಂಬಾಯಿಯ ಗಿರಣಿಗಳಲ್ಲಿ ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಿತ್ತು. ಎಂಜಲಾಗುತ್ತದೆ ಅಂತ ಸವರ್ಣ ಕಾರ್ಮಿಕರು ಅಸ್ಪೃಶ್ಯರನ್ನು ನೇಯ್ಗೆ ಖಾತೆಯೊಳಗೆ ಬಿಡುತ್ತಿರಲಿಲ್ಲ. ಒಳ್ಳೆಯ ಕೂಲಿ ಇದ್ದದ್ದು ಅಲ್ಲೇ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಈ ಬಾಗಿಲನ್ನೂ ಬೇಡಿಕೆಗೆ ಸೇರಿಸಿ ಅಂದರು. ಅವರು ಮುಷ್ಕರದ ವೈರಿಯಲ್ಲ. 1938ರ ನವೆಂಬರ್ 7ರಂದು ಕಾರ್ಮಿಕ ವಿವಾದ ಮಸೂದೆಯ ವಿರುದ್ಧ ಕಮ್ಯುನಿಸ್ಟರ ಜೊತೆಗೇ ನಿಂತು ಮುಷ್ಕರ ನಡೆಸಿದರು.

ಹಾಗಾಗಿ ನಮ್ಮ ತಕರಾರು ಇಷ್ಟು. ದುಡಿಯುವ ಜಾಗವೇ ರಾಜ್ಯದ ಬೀಜ ಅಂತ ಸಿಂಡಿಕಲಿಸಂ ಹೇಳುತ್ತದೆ. ಒಪ್ಪೋಣ. ಆದರೆ ಆ ಜಾಗದೊಳಗೆ ಯಾರನ್ನು ಬಿಟ್ಟಿದ್ದಾರೆ, ಯಾರನ್ನು ಹೊರಗಿಟ್ಟಿದ್ದಾರೆ, ಯಾರ ಕೈಗೆ ಪೊರಕೆ ಕೊಟ್ಟಿದ್ದಾರೆ ಅಂತ ಮೊದಲೇ ಕೇಳದಿದ್ದರೆ, ಮಾಲೀಕ ಓಡಿಹೋದ ಮೇಲೂ ಅವನ ಪಟ್ಟಿ ಹಾಗೇ ಉಳಿಯುತ್ತದೆ. ಕ್ರಾಂತಿ ಆದಮೇಲೆ ನೋಡೋಣ ಅಂದವರಿಗೆ ಬಾರ್ಸಿಲೋನದಲ್ಲಿ ಸಿಕ್ಕಿದ್ದು ಹತ್ತೇ ತಿಂಗಳು.

ಹಳ್ಳಿಗಳಲ್ಲಿ ಸಂಘ ಕಟ್ಟುತ್ತಿರುವ ಗೆಳೆಯರು ಮುಂದಿನ ಸಭೆಯಲ್ಲಿ ಒಂದು ಲೆಕ್ಕ ಬರೆದಿಟ್ಟುಕೊಳ್ಳಲಿ. ಚಾಪೆ ಹಾಸಿದವರು ಯಾರು, ಟೀ ಲೋಟ ತೊಳೆದವರು ಯಾರು, ಭಾಷಣ ಮಾಡಿದವರು ಯಾರು. ಮೂರು ಸಭೆಯ ಲೆಕ್ಕ ಸಾಕು. ಅದನ್ನು ನಾಲ್ಕನೆಯ ಸಭೆಯಲ್ಲಿ ಎಲ್ಲರ ಮುಂದೆ ಓದಿ.