ಮಾನ್ಯಖೇಟವೂ ತಿರುಳ್ಗನ್ನಡದ ಎಲ್ಲೆಯೂ

ಕಾಳಗಿ, ಸೇಡಂ, ಚಿತ್ತಾಪುರ, ಚಿಂಚೋಳಿ ಪ್ರಾಂತಗಳ ಇತಿಹಾಸವನ್ನು ಬರೆಯತೊಡಗುವವರು ಮೊದಲ ಪುಟದಲ್ಲಿಯೇ ‘ಕವಿರಾಜಮಾರ್ಗ’ವನ್ನು ಸ್ಮರಿಸುವುದು ವಾಡಿಕೆಯಾಗಿದೆ. ಕಾಗಿಣಾ ನದಿಯ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವಾದುದರಿಂದಲೂ, ಆ ಗ್ರಂಥವು 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದುದರಿಂದಲೂ ಈ ಸ್ಮರಣೆಯು ಯುಕ್ತವೇ ಸರಿ. ಆದರೆ ಗ್ರಂಥದ ಹೆಸರಿನಿಂದ ಹಿಗ್ಗುವವರು ಅದರೊಳಗಿನ ಭೂಗೋಳವನ್ನು ಓದಿದಂತೆ ತೋರುವುದಿಲ್ಲ.

ಕಾವೇರಿಯಿಂದ ಗೋದಾವರಿಯವರೆಗಿನದು ಕನ್ನಡನಾಡೆಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಅದರ ಬೆನ್ನಿಗೇ ಬರುವ ಮಾತು ಮಾತ್ರ ಈ ಭಾಗದವರಿಗೆ ಅಷ್ಟು ಹಿತವಾದುದಲ್ಲ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕರ ನಡುವಣ ನಾಡೇ ಕನ್ನಡದ ತಿರುಳೆಂದು ಗ್ರಂಥಕಾರನು ನಿರ್ಣಯಿಸಿದ್ದಾನೆ. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳನ್ನು ಬಲ್ಲವರಿಗೆ ಇದು ಮಲಪ್ರಭೆ ತುಂಗಭದ್ರೆಗಳ ಕಡೆಯ ಸೀಮೆಯೆಂಬುದು ವಿದಿತವೇ ಇದೆ. ಮಾನ್ಯಖೇಟವು ಆ ಎಲ್ಲೆಗೆ ಬಹುದೂರ, ಭೀಮೆಯಿಂದಾಚೆಗೆ ಉಳಿಯಿತು. ಗ್ರಂಥವನ್ನು ರಚಿಸಿದವನು ಅರಸನೇ ಆಗಲಿ, ಶ್ರೀವಿಜಯನೇ ಆಗಲಿ, ಅದಕ್ಕೆ ಅರಸನ ಸಮ್ಮತಿಯಿದ್ದುದು ನಿಶ್ಚಯ. ಅರಸನು ಒಪ್ಪಿದ ಗ್ರಂಥವೇ ಅರಸನ ಪಟ್ಟಣದ ನುಡಿಯನ್ನು ತಿರುಳಿನಲ್ಲಿ ಸೇರಿಸಲಿಲ್ಲ! ಮುಂದೆ ಪಂಪನೂ ಪುಲಿಗೆರೆಯ ನುಡಿಯನ್ನೇ ಮೇಲ್ಮಾಡಿದನು.

ಇದನ್ನು ಈ ಸೀಮೆಗಾದ ಅವಮಾನವೆಂದು ಎಣಿಸುವುದು ಅವಿಚಾರ. ಶಾಸ್ತ್ರಕಾರರ ಪದ್ಧತಿಯೇ ಹಾಗೆ. ಮಹಾಭಾಷ್ಯದಲ್ಲಿ ಪತಂಜಲಿಯು ಶಿಷ್ಟರು ಯಾರೆಂದು ವಿಚಾರಿಸುವಾಗ ಮೊದಲು ಆರ್ಯಾವರ್ತದ ನಾಲ್ಕೆಲ್ಲೆಗಳನ್ನು ಹೇಳಿ, ಆಮೇಲೆ ಆ ನಾಡಿನಲ್ಲಿ ಗಡಿಗೆಯಷ್ಟೇ ಧಾನ್ಯವನ್ನಿಟ್ಟುಕೊಂಡು ಲೋಭವಿಲ್ಲದೆ ಬಾಳುವವರನ್ನು ತೋರಿಸುತ್ತಾನೆ. ವ್ಯಾಕರಣಕ್ಕೆ ಬೆರಳು ಮಾಡಿ ತೋರಿಸಲು ಒಂದು ನೆಲ ಬೇಕು; ಅಷ್ಟೇ ಅದರ ತಾತ್ಪರ್ಯ. ಅದೇ ಪತಂಜಲಿಯು ವಾರ್ತಿಕಕಾರನ ಒಂದು ಪ್ರಯೋಗವನ್ನು ಕಂಡು, ದಕ್ಷಿಣದವರಿಗೆ ತದ್ಧಿತಗಳಲ್ಲಿ ಪ್ರೀತಿ ಹೆಚ್ಚೆಂದು ನಗೆಯಾಡುತ್ತಾನೆ. ಎಲ್ಲೆಯ ಹೊರಗಿನವನೆಂದು ಕಾತ್ಯಾಯನನ ಪ್ರಾಮಾಣ್ಯವೇನೂ ಕುಂದಲಿಲ್ಲವಷ್ಟೆ.

ರಾಜಧಾನಿಯ ನುಡಿ ಕಲಬೆರಕೆಯಾಗುವುದೂ ಸಹಜ. ಶಾಕಟಾಯನನು ತನ್ನ ವ್ಯಾಕರಣದ ವೃತ್ತಿಗೆ ಅಮೋಘವರ್ಷನ ಹೆಸರನ್ನಿಟ್ಟು ಸಂಸ್ಕೃತದಲ್ಲಿ ಬರೆದನು. ಮುಂದಿನ ಶತಮಾನದಲ್ಲಿ ಪುಷ್ಪದಂತನು 965ರಲ್ಲಿ ಅದೇ ಮಾನ್ಯಖೇಟದಲ್ಲಿ ಅಪಭ್ರಂಶದ ಮಹಾಪುರಾಣವನ್ನು ಮುಗಿಸಿದನು. ಪೊನ್ನನು ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿಯೆನಿಸಿದನು. ದಂಡು, ವರ್ತಕರು, ಪರದೇಶದ ಪಂಡಿತರು ಕೂಡುವಲ್ಲಿ ಒಂದೇ ನುಡಿಯ ತಿರುಳನ್ನು ಅರಸದೆ ಹೋದುದು ಗ್ರಂಥಕಾರನ ವಿವೇಕವೆಂದೇ ಹೇಳಬೇಕು.

972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ನಮ್ಮ ಇತಿಹಾಸಕಾರರ ಲೇಖನಿ ಬಹುಮಟ್ಟಿಗೆ ಅಲ್ಲಿಯೇ ನಿಂತುಬಿಡುತ್ತದೆ. ದೊಡ್ಡ ದೋಷವಿರುವುದು ಇಲ್ಲಿ. ಅರಸುತನ ಕಲ್ಯಾಣಕ್ಕೆ ಹೋಯಿತೇ ಹೊರತು ವಿದ್ಯೆ ಹೋಗಲಿಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 1058ರ ಶಾಸನವು ಘಟಿಕಾಸ್ಥಾನವೊಂದನ್ನು ವರ್ಣಿಸುತ್ತದೆ. ಉಪಾಧ್ಯಾಯರೂ ವಿದ್ಯಾರ್ಥಿಗಳೂ ಇದ್ದುದಲ್ಲದೆ ಪುಸ್ತಕಗಳನ್ನು ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಆರು ಮಂದಿ! ಇಂದಿನ ತಾಲೂಕು ಗ್ರಂಥಾಲಯಗಳನ್ನು ಕಂಡವರು ಈ ಸಂಖ್ಯೆಯನ್ನು ಇನ್ನೊಮ್ಮೆ ಓದಿಕೊಳ್ಳುವರು. ಸೇಡಂನ 1124ರ ಶಾಸನವು ಇದಕ್ಕಿಂತಲೂ ರಸವತ್ತಾದುದು. ಆ ಅಗ್ರಹಾರದ ಮುನ್ನೂರು ಮಹಾಜನರು, ವೇದಾಧ್ಯಯನ ಮಾಡಿದ ಬ್ರಾಹ್ಮಣರು, ತಾವೇ ಶಾಂತಿನಾಥ ಜಿನಾಲಯವನ್ನು ಕಟ್ಟಿಸಿದರು.

ಭೂಗೋಳಕ್ಕಾದ ಗತಿಯೂ ಇದೇ. 1966ರ ಜಿಲ್ಲಾ ಗೆಜೆಟಿಯರಿನ ಮೇಲ್ಪಂಕ್ತಿಯನ್ನು ಹಿಡಿದು ನದಿ, ಕಲ್ಲು, ಮಣ್ಣುಗಳಿಗೆ ಒಂದು ಪ್ರಕರಣ, ರಾಜರಿಗೆ ಇನ್ನೊಂದು ಪ್ರಕರಣ ಎಂದು ಹಂಚಿಬಿಡುತ್ತಾರೆ. ಪದರ ಪದರವಾಗಿ ಏಳುವ ಶಹಾಬಾದ ಕಲ್ಲೇ ಮಳಖೇಡದ ಕೋಟೆಯ ಗೋಡೆ. ಅದೇ ಸುಣ್ಣಗಲ್ಲು ಶಹಾಬಾದ, ವಾಡಿಗಳಲ್ಲಿ ಸಿಮೆಂಟಾಯಿತು. ಎರಡು ಪ್ರಕರಣಗಳಲ್ಲಿ ಸಿಕ್ಕ ಕಲ್ಲು ಒಂದೇ ಎಂಬುದು ಓದುಗನಿಗೆ ತಿಳಿಯುವುದೇ ಇಲ್ಲ.

ಕಾಳಗಿಯು ಈಚೆಗೆ ಪ್ರತ್ಯೇಕ ತಾಲೂಕಾಗಿರುವುದರಿಂದ ಅದಕ್ಕೂ ಒಂದು ಚರಿತ್ರೆಯ ಪುಸ್ತಕ ಬಾರದಿರದು. ಅದನ್ನು ಬರೆಯುವವರು ನೃಪತುಂಗನ ಬಿರುದಾವಳಿಯನ್ನು ಸಂಕ್ಷೇಪಿಸಿ, ಸೇಡಂ ಶಾಸನವನ್ನೂ ಲಕ್ಷ್ಮೇಶ್ವರದ ಅದೇ ಕಾಲದ ಶಾಸನವೊಂದನ್ನೂ ಪಕ್ಕಪಕ್ಕದಲ್ಲಿಟ್ಟು ಕ್ರಿಯಾಪದ, ವಿಭಕ್ತಿಪ್ರತ್ಯಯಗಳನ್ನು ತೂಗಿ ನೋಡಲಿ. ತಿರುಳೆಷ್ಟು, ಸಿಪ್ಪೆಯೆಷ್ಟು ಎಂಬ ಪ್ರಶ್ನೆಗೆ ಉತ್ತರವನ್ನು ಕೇಳಬೇಕಾದುದು ಆ ಕಲ್ಲುಗಳನ್ನೇ.